ಉಪ್ಪು ನೀರಿನ ತೊಟ್ಟಿ, ಎರಡು ನೀಮೋ ಮೀನು ಮತ್ತು ಇನ್ನೂರು ವರ್ಷದ ತಪ್ಪುಗಳು

"ನೀಮೋ ಮೀನು ಮನೇಲಿ ಸಾಕಬಹುದಾ? ಬರೀ ಎರಡು ಸಾಕು. ಏನೇನು ಬೇಕು ಹೇಳಿ."

ಈ ಪ್ರಶ್ನೆ ನಮಗೆ ಆಗಾಗ ಬರುತ್ತದೆ. ಕಿತ್ತಳೆ ಬಣ್ಣದ ಮೈಗೆ ಮೂರು ಬಿಳಿ ಪಟ್ಟಿ ಇರುವ ಆ ಮೀನಿನ ವಿಡಿಯೋ ಊರಿನ ಮಕ್ಕಳ ಕೈಯಲ್ಲೂ ಓಡಾಡುತ್ತಿದೆ. ನಾವು ಇಷ್ಟು ದಿನ ಉತ್ತರ ಬರೆಯದೆ ಮುಂದಕ್ಕೆ ಹಾಕುತ್ತಾ ಬಂದೆವು. ಅದಕ್ಕೆ ಕಾರಣ ಇದೆ. ಆ ಮೀನಿನ ಒಂದು ಜೋಡಿಯನ್ನು ನಾವೇ ಕೊಂದಿದ್ದೇವೆ.

ಪತ್ರಿಕೋದ್ಯಮ ಓದುತ್ತಿದ್ದ ಕಾಲ. ನಾಲ್ಕು ಜನ ಸೇರಿ ಒಂದು ಬಾಡಿಗೆ ರೂಮಿನಲ್ಲಿದ್ದೆವು. ಮೆಸ್ಸಿನ ದುಡ್ಡಲ್ಲಿ ಉಳಿಸಿ ಒಂದು ಸಣ್ಣ ಗಾಜಿನ ತೊಟ್ಟಿ, ಒಂದು ಪ್ಯಾಕೆಟ್ ಸಮುದ್ರದ ಉಪ್ಪು, ಒಂದು ಗಾಳಿ ಪಂಪ್ ಮತ್ತು ಎರಡು ಕ್ಲೌನ್ ಮೀನು ತಂದೆವು.

"ಅಣ್ಣಾ, ಇವತ್ತೇ ಬಿಡಬಹುದಾ?" ಎಂದು ಅಂಗಡಿಯವನನ್ನು ಕೇಳಿದೆವು.

"ಬಿಡ್ರಿ, ಏನೂ ಆಗಲ್ಲ" ಎಂದ.

ಐದನೇ ದಿನ ಎರಡೂ ಮೀನು ನೀರಿನ ಮೇಲ್ಗಡೆ ಬಂದು ಬಾಯಿ ತೆರೆದು ಏದುಸಿರು ಬಿಡತೊಡಗಿದವು. ಆರನೇ ದಿನ ಚಿಕ್ಕದು ಸತ್ತಿತು. ದೊಡ್ಡದು ಒಂಬತ್ತನೇ ದಿನ. ಮನೆ ಓನರ್ ತಾಯಿ ಬಂದು ತೊಟ್ಟಿಯ ಹತ್ತಿರ ಮೂಗು ಹಿಡಿದು ನೋಡಿದರು. "ಕೊಟ್ಟಿಗೆ ಗುಡಿಸದೆ ದನ ಕಟ್ಟಿದ ಹಾಗೆ ಮಾಡಿದ್ದೀರಲ್ರಪ್ಪಾ" ಎಂದರು.

ಅಜ್ಜಿ ಹೇಳಿದ್ದು ಸರಿ ಎಂದು ಗೊತ್ತಾಗಲು ನಮಗೆ ಬಹಳ ಓದಬೇಕಾಯಿತು. ಓದುತ್ತಾ ಹೋದಂತೆ ಇನ್ನೊಂದು ವಿಷಯವೂ ತಿಳಿಯಿತು. ಉಪ್ಪು ನೀರಿನ ತೊಟ್ಟಿಯ ಒಂದೊಂದು ನಿಯಮವೂ ಯಾರೋ ಎಲ್ಲೋ ಮಾಡಿದ ತಪ್ಪಿನಿಂದ ಬಂದದ್ದು, ಆ ತಪ್ಪಿಗೆ ಬೆಲೆ ತೆತ್ತದ್ದು ಮೀನುಗಳು. ಆ ಕಥೆ ಗೊತ್ತಿದ್ದರೆ ನಿಯಮ ಬಾಯಿಪಾಠ ಮಾಡಬೇಕಾಗಿಲ್ಲ. ಅದಕ್ಕೇ ಇವತ್ತು ಇತಿಹಾಸದಿಂದಲೇ ಶುರು ಮಾಡುತ್ತೇವೆ.

ಕಸೂತಿ ಹಾಕುತ್ತಿದ್ದವಳ ಗಾಜಿನ ಪೆಟ್ಟಿಗೆ

ಜೀನ್ ವಿಲ್‌ಪ್ರೂ ಪವರ್ ಫ್ರಾನ್ಸಿನ ಒಂದು ಹಳ್ಳಿಯಲ್ಲಿ 1794ರಲ್ಲಿ ಹುಟ್ಟಿದವರು. ಅಪ್ಪ ಚಪ್ಪಲಿ ಹೊಲಿಯುವವರು. ಜೀನ್ ಪ್ಯಾರಿಸ್ಸಿಗೆ ಹೋಗಿ ಬಟ್ಟೆ ಹೊಲಿಯುವ, ಕಸೂತಿ ಹಾಕುವ ಕೆಲಸ ಕಲಿತರು. 1816ರಲ್ಲಿ ರಾಜಮನೆತನದ ಮದುವೆಯೊಂದಕ್ಕೆ ಇವರು ಕಸೂತಿ ಹಾಕಿದ ಉಡುಪು ಹೆಸರು ತಂದಿತು. ಆಮೇಲೆ ಒಬ್ಬ ವ್ಯಾಪಾರಿಯನ್ನು ಮದುವೆಯಾಗಿ ಇಟಲಿಯ ಸಿಸಿಲಿ ದ್ವೀಪಕ್ಕೆ ಬಂದರು.

ಅಲ್ಲಿನ ಕಡಲಲ್ಲಿ ಆರ್ಗೊನಾಟ್ ಎಂಬ ಪ್ರಾಣಿ ಇದೆ. ಆಕ್ಟೋಪಸ್ಸಿನ ಬಳಗ, ಆದರೆ ಕಾಗದದಷ್ಟು ತೆಳುವಾದ ಚಿಪ್ಪಿನೊಳಗೆ ಇರುತ್ತದೆ. ಆ ಚಿಪ್ಪು ಅದರದೇನಾ, ಇಲ್ಲ ಬೇರೆ ಪ್ರಾಣಿಯದನ್ನು ಕದ್ದದ್ದಾ ಎಂದು ದೊಡ್ಡ ದೊಡ್ಡ ವಿದ್ವಾಂಸರು ಜಗಳವಾಡುತ್ತಿದ್ದರು. ಸತ್ತ ಪ್ರಾಣಿಯನ್ನು ಮೇಜಿನ ಮೇಲಿಟ್ಟರೆ ಉತ್ತರ ಸಿಗುವುದಿಲ್ಲ. ಜೀನ್ 1832ರ ಹೊತ್ತಿಗೆ ಗಾಜಿನ ತೊಟ್ಟಿ ಮಾಡಿಸಿ, ಕಡಲ ನೀರು ತುಂಬಿ, ಜೀವಂತ ಪ್ರಾಣಿಯನ್ನು ಬಿಟ್ಟು ನೋಡಿದರು. ಚಿಪ್ಪನ್ನು ಒಂದಿಷ್ಟು ಮುರಿದರೆ ಆ ಪ್ರಾಣಿ ತಾನೇ ರಿಪೇರಿ ಮಾಡಿಕೊಂಡಿತು. ಜಗಳ ಮುಗಿಯಿತು.

ಜೀನ್ ಅವರ ಮನೆ ಕಡಲ ಪಕ್ಕದಲ್ಲೇ ಇತ್ತು. ನೀರು ಕೆಟ್ಟರೆ ಚೆಲ್ಲಿ ಹೊಸದು ತರಬಹುದಿತ್ತು. ಕಡಲಿನಿಂದ ದೂರ ಇರುವವರ ಪಾಡೇನು? ಅದಕ್ಕೆ ಮೊದಲ ಉತ್ತರ ಹುಡುಕಿದ್ದು ಇನ್ನೊಬ್ಬ ಹೆಣ್ಣುಮಗಳು.

1846ರಲ್ಲಿ ಇಂಗ್ಲೆಂಡಿನ ಆನಾ ಥಿನ್ ಅವರು ಟಾರ್ಕಿ ಎಂಬ ಕಡಲೂರಿಗೆ ಹೋದಾಗ ಅಲ್ಲಿನ ಕಲ್ಲುಹವಳಗಳನ್ನು ನೋಡಿ ಆಸೆಪಟ್ಟರು. ಲಂಡನ್ನಿಗೆ ತರುವ ದಾರಿಯಲ್ಲಿ ಉರುಳಿ ಏಟು ತಿನ್ನಬಾರದೆಂದು ಸೂಜಿ ದಾರದಿಂದ ಒಂದು ದೊಡ್ಡ ಸ್ಪಂಜಿಗೆ ಹೊಲಿದು, ನೀರು ತುಂಬಿದ ಜಾಡಿಯಲ್ಲಿಟ್ಟು ತಂದರು. ಮೊದಮೊದಲು ಕಡಲ ನೀರನ್ನು ತರಿಸಿ ಬದಲಿಸುತ್ತಿದ್ದರು. ಅದು ಎಷ್ಟು ದಿನ ನಡೆಯುತ್ತದೆ? ಆಮೇಲೆ ಇದ್ದ ನೀರನ್ನೇ ಉಳಿಸಿಕೊಳ್ಳುವ ದಾರಿ ಹುಡುಕಿದರು. ತೆರೆದ ಕಿಟಕಿಯ ಮುಂದೆ ನಿಂತು ಮನೆಕೆಲಸದಾಕೆ ದಿನವೂ ಅರ್ಧ ಮುಕ್ಕಾಲು ಗಂಟೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರನ್ನು ಎತ್ತಿ ಹೊಯ್ಯಬೇಕು. ನಾವು ಬಿಸಿ ಹಾಲನ್ನು ಲೋಟದಿಂದ ಲೋಟಕ್ಕೆ ಹೊಯ್ದು ಆರಿಸುವುದಿಲ್ಲವೇ, ಹಾಗೆ. ಹೊಯ್ಯುವಾಗ ನೀರಿಗೆ ಗಾಳಿ ಸೇರುತ್ತಿತ್ತು.

ಇಂದು ನಾವು ಕೊಳ್ಳುವ ಗಾಳಿ ಪಂಪಿನ ಕೆಲಸವನ್ನು ಆಗ ಆ ಕೆಲಸದಾಕೆಯ ಕೈಗಳು ಮಾಡುತ್ತಿದ್ದವು. ಮುಂದೆ ಆನಾ ಕಡಲ ಪಾಚಿಯನ್ನೂ ತೊಟ್ಟಿಗೆ ಹಾಕಿದರು. ಹಸಿರು ಗಿಡ ಬೆಳಕಿನಲ್ಲಿ ಆಮ್ಲಜನಕ ಬಿಡುತ್ತದೆ, ಪ್ರಾಣಿ ಅದನ್ನು ಉಸಿರಾಡುತ್ತದೆ. ಇದೇ ಲೆಕ್ಕವನ್ನು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು ಸಿಹಿ ನೀರಿನ ಮೀನು, ಗಿಡ, ಬಸವನಹುಳುಗಳನ್ನು ಒಟ್ಟಿಗೆ ಇಟ್ಟು ನೋಡಿ 1850ರಲ್ಲಿ ಪ್ರಕಟಿಸಿದರು.

ಅಡುಗೆ ಉಪ್ಪು ಯಾಕಾಗದು?

ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ 1853ರಲ್ಲಿ ಜನರಿಗೆ ತೋರಿಸಲೆಂದೇ ಮೀನಿನ ಮನೆ ತೆರೆದರು. ಅದರ ಹಿಂದೆ ದುಡಿದವರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿ ಬರಹಗಾರರೂ ಒಬ್ಬರು. 1854ರಲ್ಲಿ ಅವರು ಅಕ್ವೇರಿಯಂ ಕುರಿತು ಬರೆದ ಪುಸ್ತಕದಿಂದಲೇ ಆ ಪದ ಮನೆಮಾತಾಯಿತು.

ಕಡಲು ದೂರವಿದ್ದರೆ ನೀರನ್ನು ನಾವೇ ಯಾಕೆ ತಯಾರಿಸಬಾರದು ಎಂದು ಗಾಸ್ ಯೋಚಿಸಿದರು. ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಇವನ್ನು ಲೆಕ್ಕದಂತೆ ಬೆರೆಸಿ ಕೃತಕ ಕಡಲ ನೀರು ಮಾಡಿದರು. ಇಂದಿನ ಉಪ್ಪಿನ ಪ್ಯಾಕೆಟ್ಟಿನ ಹಳೆಯ ರೂಪ ಅದು.

"ಕಡಲ ನೀರು ಒಣಗಿಸಿದರೆ ಬರುವುದು ಉಪ್ಪೇ ತಾನೆ? ಅದನ್ನೇ ನೀರಿಗೆ ಹಾಕಿದರೆ ಮತ್ತೆ ಕಡಲ ನೀರು ಆಗಬೇಕಲ್ಲ?" ಎಂದು ಹಲವರು ಕೇಳುತ್ತಾರೆ. ಇದಕ್ಕೆ ಉತ್ತರ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಲ್ಲಿ ಸಿಗುತ್ತದೆ. ಬಿಸಿಲಿಗೆ ನೀರು ಆರುತ್ತಾ ಬಂದಂತೆ ಅಡುಗೆ ಉಪ್ಪು ಹರಳಾಗಿ ಕೂರುತ್ತದೆ. ಆಮೇಲೂ ಸ್ವಲ್ಪ ಕಹಿ ನೀರು ಉಳಿಯುತ್ತದೆ. ಮೆಗ್ನೀಸಿಯಂ, ಪೊಟ್ಯಾಸಿಯಂ ಹೆಚ್ಚಾಗಿ ಇರುವುದು ಆ ಕಹಿ ನೀರಿನಲ್ಲಿ. ಸುಣ್ಣದ ಅಂಶವಂತೂ ಉಪ್ಪು ಹರಳುಗಟ್ಟುವ ಮೊದಲೇ ಬಹುಮಟ್ಟಿಗೆ ತಳ ಸೇರಿರುತ್ತದೆ. ನಮ್ಮ ಅಡುಗೆಮನೆಗೆ ಬರುವುದು ನಡುವಿನ ಪಾಲು ಮಾತ್ರ. ಊಟಕ್ಕೆ ಅದು ಸಾಕು, ಕಡಲ ಜೀವಿಗೆ ಸಾಲದು.

ಈ ಲೆಕ್ಕ ಖಚಿತವಾದದ್ದು ಇಂಗ್ಲೆಂಡಿನ ಚಾಲೆಂಜರ್ ಹಡಗಿನ ಯಾನದಿಂದ. 1872ರಿಂದ 1876ರವರೆಗೆ ಆ ಹಡಗು ಕಡಲುಗಳನ್ನು ಸುತ್ತಿ ನೀರಿನ ಮಾದರಿ ತಂದಿತು. ವಿಲಿಯಂ ಡಿಟ್ಮಾರ್ ಅವುಗಳಲ್ಲಿ 77 ಮಾದರಿಗಳನ್ನು ಪರೀಕ್ಷಿಸಿ 1884ರಲ್ಲಿ ವರದಿ ಕೊಟ್ಟರು. ಕಡಲು ಯಾವುದೇ ಇರಲಿ, ಉಪ್ಪಿನ ಒಟ್ಟು ಪ್ರಮಾಣ ಹೆಚ್ಚು ಕಡಿಮೆ ಆಗಬಹುದು, ಆದರೆ ಮುಖ್ಯ ಲವಣಗಳ ನಡುವಿನ ಪಾಲು ಹೆಚ್ಚುಕಡಿಮೆ ಒಂದೇ. ಒಂದು ಲೀಟರಿಗೆ ಸರಾಸರಿ 35 ಗ್ರಾಂ ಲವಣ. ಅದಕ್ಕೇ ಒಂದೇ ಬಗೆಯ ಪ್ಯಾಕೆಟ್ ಉಪ್ಪು ಲೋಕದ ಎಲ್ಲ ಕಡೆ ನಡೆಯುತ್ತದೆ.

ದಡ ಬರಿದಾಯಿತು

ಗಾಸ್ ಅವರ ಪುಸ್ತಕ ಓದಿದ ಸಾವಿರಾರು ಜನ ಬುಟ್ಟಿ, ಜಾಡಿ, ಸುತ್ತಿಗೆ ಹಿಡಿದು ಇಂಗ್ಲೆಂಡಿನ ಕಡಲ ದಡಕ್ಕೆ ನುಗ್ಗಿದರು. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ನಿಲ್ಲುವ ನೀರಿನ ಹೊಂಡಗಳಲ್ಲಿದ್ದ ಕಡಲಹೂವು, ಏಡಿ, ನಕ್ಷತ್ರಮೀನು ಎಲ್ಲವನ್ನೂ ಕಿತ್ತು ತಂದರು. ಬಹುಪಾಲು ತೊಟ್ಟಿಗಳಲ್ಲಿ ಅವು ಸತ್ತವು, ಸತ್ತದ್ದಕ್ಕೆ ಬದಲು ಮತ್ತೆ ಕಿತ್ತು ತಂದರು. ಹತ್ತು ಹದಿನೈದು ವರ್ಷದಲ್ಲಿ ಹುಚ್ಚು ಇಳಿಯಿತು. ಗಾಸ್ ಅವರ ಮಗ ಎಡ್ಮಂಡ್ ಗಾಸ್ 1907ರ ತಮ್ಮ ಆತ್ಮಕಥನದಲ್ಲಿ ಆ ದಡಗಳು ಹಾಳಾದದ್ದನ್ನು ನೋವಿನಿಂದ ನೆನೆದಿದ್ದಾರೆ. ಪ್ರೀತಿಯಿಂದ ಬರೆದ ಪುಸ್ತಕವೇ ದಡವನ್ನು ಬರಿದು ಮಾಡಿಸಿತು.

ಈ ಮಾತು ನಮಗೆ ಚುಚ್ಚುತ್ತದೆ. ನಾವೂ ಈಗ ಬರೆಯುತ್ತಿರುವುದು ಅಂಥದೇ ವಿಷಯದ ಮೇಲೆ.

ಗೊಬ್ಬರದ ಕಡೆಯಿಂದ ಬಂದ ಉತ್ತರ

ಗಾಳಿ ಸರಿ ಇದೆ, ಉಪ್ಪು ಸರಿ ಇದೆ. ಆದರೂ ಮೀನು ಯಾಕೆ ಸಾಯುತ್ತದೆ? ಇದರ ಉತ್ತರ ಸಿಕ್ಕಿದ್ದು ಮೀನು ಸಾಕುವವರಿಂದಲ್ಲ, ಹೊಲದ ಮಣ್ಣು ಮತ್ತು ಕೊಳಚೆ ನೀರಿನ ಅಧ್ಯಯನದಿಂದ.

ದನದ ಕೊಟ್ಟಿಗೆಯಲ್ಲಿ ಗಂಜಲ ನಿಂತರೆ ಕಣ್ಣು ಉರಿಸುವ ಘಾಟು ಬರುತ್ತದಲ್ಲ, ಅದು ಅಮೋನಿಯ. ಮೀನು ಅದನ್ನು ಹೆಚ್ಚಾಗಿ ಕಿವಿರಿನಿಂದಲೇ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಬರುತ್ತದೆ. ಕಡಲು ದೊಡ್ಡದು, ಅಲ್ಲಿ ಕರಗಿ ಹೋಗುತ್ತದೆ. ತೊಟ್ಟಿಯಲ್ಲಿ ಮೀನು ತನ್ನದೇ ಅಮೋನಿಯದಲ್ಲಿ ಈಜಬೇಕು.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಒಂದು ಪ್ರಯೋಗ ಮಾಡಿದರು. ಉದ್ದನೆಯ ಗಾಜಿನ ಕೊಳವೆಯಲ್ಲಿ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ, ಮೇಲಿನಿಂದ ಕೊಳಚೆ ನೀರನ್ನು ನಿಧಾನವಾಗಿ ಇಳಿಸಿದರು. ಇಪ್ಪತ್ತು ದಿನ ಏನೂ ಬದಲಾಗಲಿಲ್ಲ. ಮೇಲೆ ಹೋದ ಅಮೋನಿಯ ಕೆಳಗೂ ಹಾಗೇ ಬಂತು. ಆಮೇಲೆ ನಿಧಾನಕ್ಕೆ ಅಮೋನಿಯ ಕಡಿಮೆಯಾಗಿ ಅದರ ಜಾಗದಲ್ಲಿ ನೈಟ್ರೇಟ್ ಬರತೊಡಗಿತು. ಕೊಳವೆಗೆ ಕ್ಲೋರೋಫಾರಂ ಬಿಟ್ಟಾಗ ಆ ಕೆಲಸ ನಿಂತೇ ಹೋಯಿತು. ಅಂದರೆ ಮರಳಿನೊಳಗೆ ಯಾವುದೋ ಜೀವ ಕೆಲಸ ಮಾಡುತ್ತಿತ್ತು. ಆ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ತೋರಿಸಿದ್ದು ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ, 1890ರ ಸುಮಾರಿಗೆ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ.

ಹೊಲಕ್ಕೆ ಯೂರಿಯ ಹಾಕಿದ ಮೇಲೆ ಮಣ್ಣಿನಲ್ಲಿ ನಡೆಯುವುದೂ ಇದೇ ಸರಣಿ. ರೈತರ ಮಕ್ಕಳಾದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯ ಸಾಕಷ್ಟು ಇರುವುದಿಲ್ಲ. ಕಲ್ಲು, ಮರಳಿನ ಮೇಲೆ ಅವು ನೆಲೆ ನಿಲ್ಲಲು ವಾರಗಟ್ಟಲೆ ಬೇಕು. ನಮ್ಮ ಮೀನುಗಳಿಗೆ ಸಿಕ್ಕಿದ್ದು ಒಂಬತ್ತು ದಿನ. ಆ ಫ್ರೆಂಚ್ ಕೊಳವೆಗೇ ಇಪ್ಪತ್ತು ದಿನ ಬೇಕಾಗಿತ್ತು.

ಕಾರಣ ಗೊತ್ತಿಲ್ಲದೆಯೂ ಅನುಭವದಿಂದ ಇದರ ಹತ್ತಿರ ಬಂದವರು ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ತೆರೆದ ಅಕ್ವೇರಿಯಂ ಅವರದು. ಜನ ನೋಡುವ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡ ನೀರಿನ ಸಂಗ್ರಹವನ್ನು ನೆಲದಡಿ ಕತ್ತಲೆಯಲ್ಲಿಟ್ಟು, ಅದೇ ನೀರನ್ನು ಸದಾ ಸುತ್ತಿಸುತ್ತಿದ್ದರು. ಇಂದು ದೊಡ್ಡ ಟ್ಯಾಂಕುಗಳ ಕೆಳಗೆ ಇಡುವ ಸಂಪ್ ಅದೇ ಉಪಾಯ.

ಮದ್ರಾಸು, ಮುಂಬೈ

ನಮ್ಮ ದೇಶದಲ್ಲಿ ಜನರಿಗಾಗಿ ತೆರೆದ ಮೊದಲ ಅಕ್ವೇರಿಯಂ ಮದ್ರಾಸಿನ ಮರೀನಾ ದಡದ್ದು, 1909ರಲ್ಲಿ. ಅದರ ಹಿಂದಿದ್ದವರು ಮದ್ರಾಸ್ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದ ಅದೇ ಥರ್ಸ್ಟನ್. ಆಗ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಎರಡನೇ ಮಹಾಯುದ್ಧದ ಹೊತ್ತಿಗೆ ಅದು ಮುಚ್ಚಿತು.

1951ರಲ್ಲಿ ಮುಂಬೈ ಮರೀನ್ ಡ್ರೈವಿನಲ್ಲಿ ತಾರಾಪೊರೆವಾಲಾ ಅಕ್ವೇರಿಯಂ ಬಂತು. ಹೋಟೆಲ್ ಕೆಲಸಕ್ಕೆ ಮುಂಬೈಗೆ ಹೋದ ನಮ್ಮ ಕರಾವಳಿಯವರಲ್ಲಿ ಎಷ್ಟೋ ಜನ ಕಡಲ ಮೀನನ್ನು ಗಾಜಿನ ಹಿಂದೆ ಮೊದಲು ಕಂಡದ್ದು ಅಲ್ಲೇ. ಎರಡೂ ಕಡಲ ಪಕ್ಕದ ಕಟ್ಟಡಗಳು. ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ಊರಿನ ಮನೆಯಲ್ಲಿ ಉಪ್ಪು ನೀರಿನ ತೊಟ್ಟಿ ಎಂದರೆ ಆಗ ಕನಸೇ.

ಅದು ಸಾಧ್ಯವಾದದ್ದು 1960ರ ದಶಕದಿಂದ ಈಚೆಗೆ. ಅದಕ್ಕೆ ಮೊದಲು ಗಾಜನ್ನು ಹಿಡಿದಿಡಲು ಲೋಹದ ಚೌಕಟ್ಟು ಬೇಕಿತ್ತು. ಉಪ್ಪು ನೀರು ಲೋಹವನ್ನು ತಿನ್ನುತ್ತಿತ್ತು, ಕರಗಿದ ಲೋಹ ಮೀನಿಗೆ ವಿಷವಾಗುತ್ತಿತ್ತು. ಸಿಲಿಕೋನ್ ಅಂಟು ಬಂದ ಮೇಲೆ ಗಾಜಿಗೆ ಗಾಜನ್ನೇ ಅಂಟಿಸಿದರೆ ಸಾಕಾಯಿತು. ತಯಾರಾದ ಸಮುದ್ರದ ಉಪ್ಪಿನ ಪ್ಯಾಕೆಟ್ ಅಂಗಡಿಗೆ ಬಂದದ್ದೂ ಅದೇ ದಶಕದಲ್ಲಿ.

ಅದೇ ಕಾಲಕ್ಕೆ, 1961ರಲ್ಲಿ, ಇಂಡೋನೇಷ್ಯಾದ ಜಕಾರ್ತದ ಲೀ ಚಿನ್ ಎಂಗ್ ತಮ್ಮ ಪದ್ಧತಿಯನ್ನು ಪತ್ರಿಕೆಯೊಂದರಲ್ಲಿ ಬರೆದರು. ದೊಡ್ಡ ಯಂತ್ರ ಏನೂ ಇಲ್ಲ. ಹವಳದಿಬ್ಬದ ಜೀವಂತ ಕಲ್ಲು, ಕಡಲ ನೀರು, ಬೆಳಕು, ಒಂದಿಷ್ಟು ಗಾಳಿಗುಳ್ಳೆ. ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿರುವ ಬ್ಯಾಕ್ಟೀರಿಯಗಳೇ ನೀರು ಶುದ್ಧ ಮಾಡುತ್ತಿದ್ದವು. ಇಂದು ಸಣ್ಣ ಟ್ಯಾಂಕಿಗೂ ಕಲ್ಲು ಹಾಕುವುದು ಇದೇ ಕಾರಣಕ್ಕೆ, ಬರೀ ಚಂದಕ್ಕಲ್ಲ. ಆದರೆ ನಮ್ಮ ದೇಶದಲ್ಲಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಲಾಗಿದೆ. ನಮ್ಮ ಕಡಲಿನ ಹವಳದ ಕಲ್ಲು ಮುರಿದು ತರುವುದು ಅಪರಾಧ. ರಂಧ್ರಗಳಿರುವ ಕೃತಕ ಕಲ್ಲಿನ ಮೇಲೂ ಬ್ಯಾಕ್ಟೀರಿಯ ಬೆಳೆಯುತ್ತದೆ, ಸಮಯ ಹೆಚ್ಚು ಬೇಕು ಅಷ್ಟೇ.

ಜೋಡಿಯ ಗುಟ್ಟು

ಈಗ ಮೀನಿನ ವಿಷಯ. ಕ್ಲೌನ್ ಮೀನು ಕಡಲಹೂವಿನ ಜೊತೆ ಬಾಳುತ್ತದೆ ಎಂದು 1868ರಲ್ಲಿ ಬರೆದವರು ಕತ್ಬರ್ಟ್ ಕಾಲಿಂಗ್‌ವುಡ್ ಎಂಬ ಪ್ರಕೃತಿ ವಿಜ್ಞಾನಿ. ದಕ್ಷಿಣ ಚೀನಾ ಕಡಲಲ್ಲಿ ಭಾರಿ ಗಾತ್ರದ ಕಡಲಹೂವುಗಳ ಒಳಗೆ ಮೀನು ಇರುವುದನ್ನು ಅವರು ಕಂಡಿದ್ದರು. ಕಡಲಹೂವು ಹೆಸರಿಗೆ ಹೂವು, ನಿಜಕ್ಕೆ ಪ್ರಾಣಿ. ಅದರ ಎಳೆಗಳು ಬೇರೆ ಮೀನುಗಳನ್ನು ಕುಟುಕುತ್ತವೆ. ಕ್ಲೌನ್ ಮೀನಿಗೆ ಮೈಮೇಲಿನ ಲೋಳೆಯೇ ರಕ್ಷಣೆ.

ಒಂದು ಕಡಲಹೂವಿನಲ್ಲಿ ಒಂದು ಕುಟುಂಬ ಇರುತ್ತದೆ. ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಇನ್ನೂ ಮೊಟ್ಟೆ ಇಡುವ ಸರದಿ ಬಾರದ ಚಿಕ್ಕವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ, ಚಿಕ್ಕವುಗಳಲ್ಲಿ ದೊಡ್ಡದು ಗಂಡಾಗುತ್ತದೆ. ಜರ್ಮನಿಯ ಫ್ರಿಕೆ ದಂಪತಿ 1977ರಲ್ಲಿ, ಜಪಾನಿನಲ್ಲಿ ಕೆಲಸ ಮಾಡಿದ ಮೊಯರ್ ಮತ್ತು ನಕಜೊನೊ 1978ರಲ್ಲಿ ಇದನ್ನು ಪ್ರಕಟಿಸಿದರು. 2003ರ ಸಿನಿಮಾದಲ್ಲಿ ತಾಯಿ ಸತ್ತ ಮೇಲೆ ನೀಮೋವನ್ನು ಅಪ್ಪ ಹುಡುಕಿಕೊಂಡು ಹೋಗುತ್ತದೆ. ನಿಜವಾದ ಕಡಲಲ್ಲಾದರೆ ಆ ಅಪ್ಪನೇ ಅಮ್ಮನಾಗುತ್ತಿತ್ತು.

ಸಾಕುವವರಿಗೆ ಇದರಿಂದ ಒಂದು ಅನುಕೂಲ ಇದೆ. ಅಂಗಡಿಯಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಹುಡುಕಬೇಕಿಲ್ಲ. ಗಾತ್ರದಲ್ಲಿ ಸ್ವಲ್ಪ ವ್ಯತ್ಯಾಸ ಇರುವ ಎರಡು ಮರಿಗಳನ್ನು ಒಟ್ಟಿಗೆ ಬಿಟ್ಟರೆ ದೊಡ್ಡದು ಹೆಣ್ಣಾಗಿ, ಚಿಕ್ಕದು ಗಂಡಾಗಿ ಬೆಳೆಯುತ್ತದೆ. ಎರಡು ದೊಡ್ಡ ಹೆಣ್ಣುಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಮಾತ್ರ ಸಾಯುವ ತನಕ ಕಾದಾಟ.

ಎಲ್ಲಿ ಹುಟ್ಟಿದ ಮೀನು?

ವಿಮಾನದಲ್ಲಿ ಮೀನು ಸಾಗಿಸುವುದು ಶುರುವಾದ ಮೇಲೆ ಹವಳದಿಬ್ಬಗಳಿಂದ ಮೀನು ಹಿಡಿದು ಮಾರುವ ವ್ಯಾಪಾರ ಬೆಳೆಯಿತು. 1960ರ ದಶಕದಲ್ಲಿ ಫಿಲಿಪ್ಪೀನ್ಸಿನಲ್ಲಿ ಸೈನೈಡ್ ನೀರನ್ನು ಹವಳದ ಸಂದಿಗಳಿಗೆ ಚಿಮ್ಮಿಸಿ, ಮೀನು ಮಂಕಾದಾಗ ಹಿಡಿಯುವ ಕ್ರಮ ಹಬ್ಬಿತು. ಎಷ್ಟೋ ಮೀನು ಅಲ್ಲೇ ಸತ್ತವು, ಎಷ್ಟೋ ಕೊಂಡವರ ಮನೆಯಲ್ಲಿ ಕೆಲವು ದಿನಗಳ ಮೇಲೆ ಸತ್ತವು. ಹವಳವೂ ಸತ್ತಿತು. ಇಂಗ್ಲೆಂಡಿನ ದಡದಲ್ಲಿ ಆದದ್ದೇ ಮತ್ತೆ ಆಯಿತು, ಈ ಸಲ ವಿಷದ ಜೊತೆ.

ಇದಕ್ಕೆ ಬೇರೆ ದಾರಿ ತೋರಿಸಿದ್ದು ಕ್ಲೌನ್ ಮೀನೇ. ಕಡಲಿನ ಅಲಂಕಾರದ ಮೀನುಗಳಲ್ಲಿ ಹೆಚ್ಚಿನವು ಸಣ್ಣ ಮೊಟ್ಟೆಗಳನ್ನು ನೀರಿಗೆ ಚೆಲ್ಲಿ ಹೋಗುತ್ತವೆ. ಕ್ಲೌನ್ ಹಾಗಲ್ಲ. ಕಲ್ಲಿಗೆ ಅಂಟಿಸಿ ನೂರಾರು ಮೊಟ್ಟೆ ಇಡುತ್ತದೆ. ಗಂಡು ರೆಕ್ಕೆಯಿಂದ ಬೀಸಿ, ಬಾಯಿಂದ ಶುಚಿ ಮಾಡಿ ಕಾಯುತ್ತದೆ. ಸುಮಾರು ಒಂದು ವಾರದಿಂದ ಹತ್ತು ದಿನದೊಳಗೆ, ಕತ್ತಲಾದ ಮೇಲೆ, ಮರಿ ಹೊರಬರುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಮಾರ್ಟಿನ್ ಮೋ 1970ರ ದಶಕದ ಆರಂಭದಲ್ಲಿ ಈ ಮೀನಿನ ಮರಿಗಳನ್ನು ಮಾರಾಟಕ್ಕೆ ಬೇಕಾದಷ್ಟು ಬೆಳೆಸಿ ತೋರಿಸಿದರು.

ಮರಿಯ ಬಾಯಿ ಚಿಕ್ಕದು, ತಿನ್ನಲು ಏನು ಕೊಡುವುದು? ಇದಕ್ಕೆ ಉತ್ತರ ಜಪಾನಿನ ಹಾವುಮೀನಿನ ಕೊಳಗಳಿಂದ ಬಂದಿತ್ತು. ಅಲ್ಲಿ ರೋಟಿಫರ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಕೊಳದ ನೀರು ಕೆಡಿಸುವ ಪೀಡೆಯಾಗಿತ್ತು. ಆ ಪೀಡೆಯನ್ನೇ 1960ರ ದಶಕದಲ್ಲಿ ಕಡಲ ಮೀನಿನ ಮರಿಗಳ ಮೊದಲ ತುತ್ತು ಮಾಡಿದರು. ಇಂದಿಗೂ ಕ್ಲೌನ್ ಮರಿಗೆ ಮೊದಲ ಊಟ ಅದೇ.

ನಮ್ಮಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಳಿಂಞಂ ಮತ್ತು ಮಂಡಪಂ ಕೇಂದ್ರಗಳ ವಿಜ್ಞಾನಿಗಳು ಸುಮಾರು 2000ದ ಹೊತ್ತಿಗೆ ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನ ರೂಪಿಸಿದರು. ಮಹಾರಾಷ್ಟ್ರದ ಐರೋಳಿಯಲ್ಲೂ ಕಡಲಿನ ಅಲಂಕಾರದ ಮೀನುಗಳ ಮರಿ ಉತ್ಪಾದನಾ ಕೇಂದ್ರ ಇದೆ, ಕರಾವಳಿಯ ಹಳ್ಳಿಯವರು ಮರಿ ಸಾಕಿ ಮಾರಿ ನಾಲ್ಕು ಕಾಸು ಕಾಣಲಿ ಎಂಬುದು ಅದರ ಉದ್ದೇಶಗಳಲ್ಲಿ ಒಂದು. ಹಾಗಾಗಿ ಇವತ್ತು ಕಡಲಿನಿಂದ ಹಿಡಿದ ಕ್ಲೌನ್ ಮೀನು ಕೊಳ್ಳುವ ಅಗತ್ಯವೇ ಇಲ್ಲ.

ಈಗ ಇಡುವುದಾದರೆ

ಇಷ್ಟು ಕಥೆ ಗೊತ್ತಾದ ಮೇಲೆ ನಿಯಮಗಳು ಸುಲಭ.

ತೊಟ್ಟಿ: ಎರಡೂವರೆ ಅಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರ ಇದ್ದರೆ ಸುಮಾರು 85 ಲೀಟರ್ ಆಗುತ್ತದೆ. ಒಂದು ಜೋಡಿಗೆ ಸಾಕು. ಇದಕ್ಕಿಂತ ಬಹಳ ಚಿಕ್ಕದು ಬೇಡ. ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತದೆ, ಲಾಯ್ಡ್ ಹೇಳಿದ ಪಾಠ ಅದು.

ನೀರು: ಬೋರ್‌ವೆಲ್ ನೀರು ಗಡಸು, ಗೊಬ್ಬರದ ನೈಟ್ರೇಟೂ ಇರಬಹುದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಆರ್‌ಒ ನೀರಿಗೆ ಅಕ್ವೇರಿಯಂನ ಸಮುದ್ರದ ಉಪ್ಪು ಬೆರೆಸಿ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 80 ಲೀಟರಿಗೆ 2.8 ಕಿಲೋ ಆಯಿತು. ಅಳೆಯುವ ಸಾಧನದಲ್ಲಿ ಸಾಂದ್ರತೆ 1.023ರಿಂದ 1.026ರ ನಡುವೆ ಇರಲಿ. ಕರಾವಳಿಯವರು ಕಡಲ ನೀರು ತರುವುದಾದರೆ ಅಳಿವೆ, ಬಂದರಿನ ಹತ್ತಿರದ ನೀರು ಬೇಡ, ಮಳೆಗಾಲದ್ದು ಬೇಡವೇ ಬೇಡ.

ಆರಿದ ನೀರು: ನೀರು ಆವಿಯಾದರೂ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟಕ್ಕೆ ಸಿಹಿ ನೀರನ್ನೇ ಸೇರಿಸಿ. ಉಪ್ಪು ನೀರು ಸೇರಿಸುತ್ತಾ ಹೋದರೆ ನಿಮ್ಮ ತೊಟ್ಟಿ ಸಾಣಿಕಟ್ಟೆಯ ಗದ್ದೆ ಆಗುತ್ತದೆ.

ಕಾಯುವುದು: ಕಲ್ಲು, ಮರಳು, ಪಂಪ್ ಹಾಕಿ, ಮೀನಿಲ್ಲದೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ನಾಲ್ಕರಿಂದ ಆರು ವಾರ ಕಾಯಿರಿ. ಪರೀಕ್ಷೆ ಕಿಟ್ಟಿನಲ್ಲಿ ಅಮೋನಿಯ ಮತ್ತು ನೈಟ್ರೈಟ್ ಎರಡೂ ಮೇಲೇರಿ ಮತ್ತೆ ಸೊನ್ನೆಗೆ ಬಂದ ಮೇಲಷ್ಟೇ ಮೀನು ತನ್ನಿ.

ಮೀನು: ಹ್ಯಾಚರಿಯಲ್ಲಿ ಹುಟ್ಟಿದ ಎರಡು ಮರಿ. ನೀರಿನ ಬಿಸಿ 25ರಿಂದ 27 ಡಿಗ್ರಿ ಇರಲಿ. ದಿನಕ್ಕೆ ಎರಡು ಸಲ, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ತೆಗೆದು, ಉಪ್ಪು ಬೆರೆಸಿ ಸಿದ್ಧ ಮಾಡಿಟ್ಟ ಹೊಸ ನೀರು ಹಾಕಿ. ಈ ಮೀನು ಹತ್ತು ವರ್ಷ ಮೀರಿ ಬದುಕಬಲ್ಲದು. ಓದು, ಕೆಲಸ ಅಂತ ಊರು ಬಿಡುವವರು ಅದನ್ನೂ ಯೋಚಿಸಿ.

ಕಡಲಹೂವು: ಬೇಡ. ಅದಕ್ಕೆ ಜೋರು ಬೆಳಕು, ಹಳೆಯದಾಗಿ ಸ್ಥಿರವಾದ ತೊಟ್ಟಿ ಬೇಕು. ಅದು ಜಾಗ ಬಿಟ್ಟು ನಡೆದು ಪಂಪಿಗೆ ಸಿಕ್ಕಿ ಸತ್ತರೆ ತೊಟ್ಟಿಯ ನೀರೆಲ್ಲ ಕೆಡುತ್ತದೆ. ಹಿಡಿದು ತಿನ್ನುವ ಶತ್ರುವೇ ಇಲ್ಲದ ತೊಟ್ಟಿಯಲ್ಲಿ ಕ್ಲೌನ್ ಮೀನು ಕಲ್ಲಿನ ಮೂಲೆಯನ್ನೇ ಮನೆ ಮಾಡಿಕೊಳ್ಳುತ್ತದೆ.

ಕರೆಂಟು: ನಮ್ಮ ಊರುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಪಂಪ್ ನಿಂತು ಗಂಟೆಗಟ್ಟಲೆಯಾದರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. ಬ್ಯಾಟರಿಯ ಗಾಳಿ ಪಂಪ್ ಒಂದು ಇಟ್ಟುಕೊಳ್ಳಿ.

ನಮ್ಮಲ್ಲೊಬ್ಬರು ಕೊನೆಗೂ ಎರಡನೇ ಸಲ ತೊಟ್ಟಿ ಇಟ್ಟರು. ಈ ಸಲ ಖಾಲಿ ತೊಟ್ಟಿಯನ್ನು ಆರು ವಾರ ನೋಡುತ್ತಾ ಕೂತೆವು. ನೋಡಲು ಬಂದವರೆಲ್ಲ "ಮೀನೆಲ್ಲಿ?" ಎಂದು ನಕ್ಕರು. ಹ್ಯಾಚರಿಯ ಎರಡು ಮರಿ ಬಂದವು, ಒಂಬತ್ತನೇ ದಿನ ದಾಟಿತು. ಅವತ್ತು ಯಾರೂ ಅದರ ಬಗ್ಗೆ ಮಾತಾಡಲಿಲ್ಲ, ಆದರೆ ಎಲ್ಲರೂ ಲೆಕ್ಕ ಇಟ್ಟಿದ್ದೆವು.

ಆಮೇಲೆ ಒಂದು ಮಳೆಯ ರಾತ್ರಿ ಕರೆಂಟು ಹೋಯಿತು. ಬ್ಯಾಟರಿ ಪಂಪೂ ಕೈಕೊಟ್ಟಿತು. ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಸರದಿ ಮೇಲೆ ಕೂತು, ತೊಟ್ಟಿಯ ನೀರನ್ನು ಚೊಂಬಿನಲ್ಲಿ ಎತ್ತಿ ಎತ್ತಿ ಹೊಯ್ದೆವು. ಲಂಡನ್ನಿನ ಆ ಮನೆಕೆಲಸದಾಕೆ ಕಿಟಕಿಯ ಮುಂದೆ ಮಾಡುತ್ತಿದ್ದದ್ದೂ ಇದನ್ನೇ. ಬೆಳಗಿನ ಜಾವ ಕರೆಂಟು ಬಂತು. ಎರಡೂ ಮೀನು ಕಲ್ಲಿನ ಸಂದಿಯಲ್ಲಿ ಒಟ್ಟಿಗೆ ಇದ್ದವು.

ನೀವು ಅಂಗಡಿಗೆ ಹೋದರೆ ಬೆಲೆ ಕೇಳುವ ಮೊದಲು "ಇದು ಎಲ್ಲಿ ಹುಟ್ಟಿದ ಮೀನು?" ಎಂದು ಕೇಳಿ. ಉತ್ತರ ಸರಿಯಾಗಿ ಬರದಿದ್ದರೆ ಬರಿಗೈಲಿ ವಾಪಸ್ ಬನ್ನಿ. ಉತ್ತರ ಬಂದರೂ ಅವತ್ತೇ ಮೀನು ತರಬೇಡಿ, ಮೊದಲು ತೊಟ್ಟಿ ಇಟ್ಟು ಆರು ವಾರ ಕಾಯಿರಿ.